ಮನೆಗೆ ಮರಳಿದ ಮೇಲೆ: ಸೈಕೋಸಿಸ್‌ನಿಂದ ಚೇತರಿಕೆಗೆ ಎದುರಾಗುವ ಅಡ್ಡಿಗಳು

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಶರಪಂಜರ’ವನ್ನು ನೋಡಿದವರು ಕಲ್ಪನಾ ಅಭಿನಯದ ಕಾವೇರಿಯನ್ನು ಮರೆಯಲಾರರು. ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆ ಸೇರುತ್ತಾಳೆ, ಗುಣವಾಗುತ್ತಾಳೆ, ಮನೆಗೆ ಬರುತ್ತಾಳೆ. ದುರಂತ ಬಲಿಯುವುದು ಆಮೇಲೆ. ಗಂಡ ದೂರ ಸರಿದಿದ್ದಾನೆ. ಸುತ್ತಲಿನವರ ಕಣ್ಣಲ್ಲಿ ಅನುಮಾನ. ಅವಳು ನಕ್ಕರೂ ಅತ್ತರೂ ಸಿಟ್ಟಾದರೂ ಅವರಿಗೆ ಕಾಣುವುದು ಹಳೆಯ ಕಾಯಿಲೆಯೇ. ಕೊನೆಗೆ ಕಾವೇರಿ ಮತ್ತೆ ಆಸ್ಪತ್ರೆಯ ಪಾಲಾಗುತ್ತಾಳೆ. ವೈದ್ಯರು ವಾಸಿ ಮಾಡಿ ಕಳಿಸಿದವಳನ್ನು ಮನೆ ಉಳಿಸಿಕೊಳ್ಳಲಿಲ್ಲ.

ಸೈಕೋಸಿಸ್ ಕುರಿತ ನಮ್ಮ ಮಾತೆಲ್ಲ ಸಾಮಾನ್ಯವಾಗಿ ಕಾಯಿಲೆ ಶುರುವಾದ ಬಗೆ, ಅದರ ಲಕ್ಷಣ, ಚಿಕಿತ್ಸೆ ಇಷ್ಟಕ್ಕೆ ಮುಗಿಯುತ್ತದೆ. ಕಾವೇರಿಯ ಕಥೆಯ ಎರಡನೆಯ ಭಾಗದ ಬಗ್ಗೆ, ಅಂದರೆ ಮನೆಗೆ ಮರಳಿದ ಮೇಲೆ ಏನೇನು ಅಡ್ಡ ಬರುತ್ತದೆ ಎಂಬುದರ ಬಗ್ಗೆ, ನಾವು ಮಾತಾಡುವುದು ಕಡಿಮೆ. ಈ ಅಡ್ಡಿಗಳಲ್ಲಿ ಹೆಚ್ಚಿನವು ರೋಗಿಯ ತಲೆಯೊಳಗಿಲ್ಲ. ಅಡುಗೆಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಔಷಧಿ ಕೌಂಟರಿನಲ್ಲಿ, ಮದುವೆ ಮಾತುಕತೆಯಲ್ಲಿ ಇವೆ. ಹಾಗಾಗಿಯೇ ಅವುಗಳಲ್ಲಿ ಹಲವನ್ನು ತೆಗೆದುಹಾಕಲು ಸಾಧ್ಯವಿದೆ.

## ಸೈಕೋಸಿಸ್ ಎಂದರೆ

ವಾಸ್ತವದೊಂದಿಗಿನ ನಂಟು ಸಡಿಲಗೊಳ್ಳುವ ಸ್ಥಿತಿಗೆ ಸೈಕೋಸಿಸ್ ಎನ್ನುತ್ತಾರೆ. ಕನ್ನಡದಲ್ಲಿ ಚಿತ್ತವಿಕಲತೆ ಎಂಬ ಪದ ಬಳಕೆಯಲ್ಲಿದೆ. ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಮಾತು ಕೇಳಿಸುವುದು, ಅಕ್ಕಪಕ್ಕದವರು ತನ್ನ ಮೇಲೆ ಸಂಚು ಹೂಡಿದ್ದಾರೆಂದು ನಂಬುವುದು, ಟಿವಿಯಲ್ಲಿ ತನ್ನ ವಿಷಯವೇ ಬರುತ್ತಿದೆ ಅನ್ನಿಸುವುದು, ಮಾತಿನ ಎಳೆ ತಪ್ಪುವುದು ಇದರ ಮುಖ್ಯ ಲಕ್ಷಣಗಳು. ಸೈಕೋಸಿಸ್ ಒಂದೇ ಕಾಯಿಲೆಯ ಹೆಸರಲ್ಲ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆ, ತೀವ್ರ ಖಿನ್ನತೆ, ಬಾಣಂತನದ ಮನೋವಿಕಾರ, ಗಾಂಜಾ ಮತ್ತು ಮದ್ಯದ ಅತಿಬಳಕೆ ಇವೆಲ್ಲದರಲ್ಲೂ ಅದು ಕಾಣಿಸಿಕೊಳ್ಳಬಹುದು. ಸಾಮಾನ್ಯವಾಗಿ ಶುರುವಾಗುವುದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ. ಓದು ಮುಗಿಯುವ, ಕೆಲಸ ಹಿಡಿಯುವ, ಮದುವೆಯ ಮಾತು ಬರುವ ವಯಸ್ಸು ಅದು. ಹೊಡೆತ ಬೀಳುವುದು ಸರಿಯಾಗಿ ಅಲ್ಲಿಗೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸ್ಕಿಜೋಫ್ರೇನಿಯಾ ಒಂದರಿಂದಲೇ ಜಗತ್ತಿನಲ್ಲಿ 2 ಕೋಟಿಗೂ ಹೆಚ್ಚು ಜನ ಬಳಲುತ್ತಿದ್ದಾರೆ. ಅದೇ ಸಂಸ್ಥೆ ಹೇಳುವ ಇನ್ನೊಂದು ಮಾತು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ: ಇವರಲ್ಲಿ ಮೂವರಿಗೊಬ್ಬರಾದರೂ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಉಳಿದವರಲ್ಲೂ ಅನೇಕರು ಏರಿಳಿತಗಳ ನಡುವೆಯೇ ದುಡಿಯುತ್ತಾರೆ, ಸಂಸಾರ ತೂಗಿಸುತ್ತಾರೆ. ‘ಒಮ್ಮೆ ತಲೆ ಕೆಟ್ಟರೆ ಮುಗಿಯಿತು’ ಎಂಬ ಊರ ಮಾತು ಸುಳ್ಳು, ಮತ್ತು ಬಹಳ ಹಾನಿ ಮಾಡಿದ ಸುಳ್ಳು.

## ವಾಸಿ ಬೇರೆ, ಚೇತರಿಕೆ ಬೇರೆ

‘ಡಾಕ್ಟ್ರೇ, ಇವನು ಮೊದಲಿನ ಹಾಗೆ ಆಗ್ತಾನಾ?’ ಮನೋವೈದ್ಯರ ಮುಂದೆ ಕೂತ ತಾಯಿ ಕೇಳುವ ಮೊದಲ ಪ್ರಶ್ನೆ ಇದು. ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಕಿವಿಯಲ್ಲಿ ಕೇಳುವ ದನಿಗಳು ನಿಲ್ಲುತ್ತವೆಯೇ ಎಂಬುದು ಒಂದು. ಅದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ. ಇವನು ಮತ್ತೆ ನಾಲ್ಕು ಜನರ ನಡುವೆ ಓಡಾಡುತ್ತಾನೆಯೇ, ತನ್ನ ಅನ್ನ ತಾನು ದುಡಿಯುತ್ತಾನೆಯೇ, ನಾನು ಸತ್ತ ಮೇಲೆ ಬದುಕುತ್ತಾನೆಯೇ ಎಂಬುದು ಇನ್ನೊಂದು. ಅದಕ್ಕೆ ಔಷಧಿ ಚೀಟಿಯಲ್ಲಿ ಉತ್ತರ ಸಿಗುವುದಿಲ್ಲ.

ಕಾಯಿಲೆ ಅನುಭವಿಸಿದವರೇ 1980ರ ದಶಕದಿಂದ ಬರೆಯಲು, ಸಂಘಟಿತರಾಗಲು ತೊಡಗಿದ ಮೇಲೆ ಚೇತರಿಕೆ ಎಂಬ ಪದಕ್ಕೆ ಹೊಸ ಅರ್ಥ ಬಂತು. ಅಮೆರಿಕದ ಪೆಟ್ರೀಷಿಯಾ ಡೀಗನ್ ಅವರಲ್ಲಿ ಪ್ರಮುಖರು. ಹದಿಹರೆಯದಲ್ಲೇ ಸ್ಕಿಜೋಫ್ರೇನಿಯಾ ಎಂದು ಹೇಳಿಸಿಕೊಂಡ ಅವರು ಮುಂದೆ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಲಕ್ಷಣಗಳು ಪೂರ್ತಿ ಹೋಗದಿದ್ದರೂ ಅರ್ಥವುಳ್ಳ ಬದುಕು ಸಾಧ್ಯ ಎಂಬುದೇ ಅವರ ವಾದದ ತಿರುಳು. 2011ರಲ್ಲಿ ಬ್ರಿಟನ್ನಿನ ಸಂಶೋಧಕರು ಚೇತರಿಸಿಕೊಂಡವರ ಅನುಭವಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಐದು ಸಂಗತಿಗಳು ಮತ್ತೆ ಮತ್ತೆ ಕಂಡವು: ಜನರ ಒಡನಾಟ, ಭರವಸೆ, ರೋಗದಾಚೆಗೆ ತನ್ನದೇ ಆದ ಗುರುತು, ಬದುಕಿಗೊಂದು ಅರ್ಥ, ತನ್ನ ವಿಷಯದಲ್ಲಿ ತಾನೇ ತೀರ್ಮಾನಿಸುವ ಬಲ. ಈ ಐದರಲ್ಲಿ ಯಾವುದನ್ನು ಕಿತ್ತುಕೊಂಡರೂ ಅದು ಚೇತರಿಕೆಗೆ ಅಡ್ಡಿಯೇ.

## ಕಳೆದುಹೋಗುವ ಮೊದಲ ವರ್ಷಗಳು

ಲಕ್ಷಣಗಳು ಶುರುವಾದ ದಿನಕ್ಕೂ ಚಿಕಿತ್ಸೆ ಶುರುವಾದ ದಿನಕ್ಕೂ ನಡುವಿನ ಅವಧಿ ದೀರ್ಘವಾದಷ್ಟೂ ಮುಂದಿನ ಚೇತರಿಕೆ ಕಷ್ಟ. ಹಲವು ದೇಶಗಳ ಅಧ್ಯಯನಗಳು ಇದನ್ನು ಒಪ್ಪುತ್ತವೆ. ನಮ್ಮಲ್ಲಿ ಆ ಅವಧಿ ತಿಂಗಳುಗಳಲ್ಲಿ ಮುಗಿಯದೆ ಎಷ್ಟೋ ವೇಳೆ ವರ್ಷಗಳಿಗೆ ಬೆಳೆಯುತ್ತದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸೈಕೋಸಿಸ್ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ತಡವಾಗುವುದಕ್ಕೆ ಮೌಢ್ಯವೊಂದನ್ನೇ ದೂರುವುದು ಸುಲಭ, ಆದರೆ ಸರಿಯಲ್ಲ. ಹುಡುಗ ಓದಿನಲ್ಲಿ ಹಿಂದೆ ಬಿದ್ದರೆ, ಕೋಣೆ ಬಿಟ್ಟು ಹೊರಗೆ ಬಾರದಿದ್ದರೆ, ರಾತ್ರಿ ನಿದ್ದೆ ಮಾಡದಿದ್ದರೆ ಮೊದಲ ಕೆಲವು ತಿಂಗಳು ಅದು ವಯಸ್ಸಿನ ಮಂಕು ಎಂದೇ ಯಾರಿಗಾದರೂ ಅನ್ನಿಸುತ್ತದೆ. ಆಮೇಲೆ ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂಬ ಮಾತು ಬರುತ್ತದೆ. ತಾಯತ ಕಟ್ಟಿಸುತ್ತಾರೆ, ಶಾಸ್ತ್ರ ಕೇಳಿಸುತ್ತಾರೆ, ಹರಕೆ ಹೊರುತ್ತಾರೆ. ಊರಿನ ದೇವಸ್ಥಾನ ಅಥವಾ ದರ್ಗಾ ಹತ್ತಿರದಲ್ಲಿದೆ, ಅಲ್ಲಿ ಹೋದರೆ ಯಾರೂ ‘ಹುಚ್ಚ’ ಎನ್ನುವುದಿಲ್ಲ. ಮನೋವೈದ್ಯರು ಇರುವುದು ಜಿಲ್ಲಾ ಕೇಂದ್ರದಲ್ಲಿ, ಮತ್ತು ಅಲ್ಲಿಗೆ ಹೋದದ್ದು ಗೊತ್ತಾದರೆ ತಂಗಿಯ ಮದುವೆ ನಿಲ್ಲುತ್ತದೆ. ಮನೆಯವರು ಹತ್ತಿರದ ದಾರಿ ಹಿಡಿದರೆ ಅವರನ್ನು ಬೈದು ಪ್ರಯೋಜನವಿಲ್ಲ.

ನಂಬಿಕೆಯ ಜಾಗಗಳ ಬಗ್ಗೆ ಎರಡು ಸತ್ಯಗಳನ್ನು ಒಟ್ಟಿಗೇ ಹೇಳಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಿಹೋಗಲು ಅವರಿಗೆ ಆಗಲಿಲ್ಲ. ಅದರ ಮರುವರ್ಷ ಬೆಂಗಳೂರಿನ ಮನೋವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನದೇ ಒಂದು ಸಣ್ಣ ದೇವಸ್ಥಾನದ ಅಧ್ಯಯನ ಪ್ರಕಟಿಸಿದರು. ಅಲ್ಲಿ ಕೆಲವು ವಾರ ಉಳಿದು, ಗುಡಿಸುವ, ಗಿಡಗಳಿಗೆ ನೀರೆರೆಯುವಂಥ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ 31 ಜನರ ಲಕ್ಷಣಗಳು, ಔಷಧಿಯಿಲ್ಲದೆಯೂ, ಶೇ. 20ರಷ್ಟು ಇಳಿದಿದ್ದವು. ಹೆದರಿಕೆಯಿಲ್ಲದ, ಯಾರೂ ಹೀನಾಯವಾಗಿ ಕಾಣದ ಜಾಗವೇ ಮದ್ದಿನಂತೆ ಕೆಲಸ ಮಾಡಬಲ್ಲದು ಎಂದು ಆ ಅಧ್ಯಯನ ಸೂಚಿಸಿತು. ದೇವರ ಬಾಗಿಲಿಗೆ ಹೋಗುವವರನ್ನು ತಡೆಯುವ ಬದಲು ಅಲ್ಲಿಯೇ ವೈದ್ಯರೂ ಸಿಗುವಂತೆ ಮಾಡುವ ಪ್ರಯತ್ನ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ನಡೆದಿದೆ. ಅದನ್ನು ‘ದವಾ–ದುವಾ’ ಎಂದು ಕರೆಯುತ್ತಾರೆ. ನನ್ನ ಮಟ್ಟಿಗೆ ಅದು ವಿವೇಕದ ದಾರಿ.

## ಗುಳಿಗೆ

ಹಾಗೆಂದು, ಸೈಕೋಸಿಸ್ ಇರುವ ಹೆಚ್ಚಿನವರಿಗೆ ಔಷಧಿ ಬೇಕು ಎಂಬುದರಲ್ಲಿ ಸಂಶಯವಿಲ್ಲ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದಾಗಿನಿಂದ ಆಸ್ಪತ್ರೆಗಳ ಚಿತ್ರವೇ ಬದಲಾಯಿತು. ಈಗ ರಿಸ್ಪೆರಿಡೋನ್, ಒಲಾಂಜಪಿನ್‌ನಂಥ ಮಾತ್ರೆಗಳು ತಾಲ್ಲೂಕು ಮಟ್ಟದಲ್ಲೂ ಸಿಗುತ್ತವೆ. ಮೊದಲ ಬಾರಿ ಕಾಯಿಲೆ ಬಂದವರನ್ನು ಐದು ವರ್ಷ ಹಿಂಬಾಲಿಸಿ 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದರಲ್ಲಿ ನಾಲ್ವರಿಗೆ ಕಾಯಿಲೆ ಒಮ್ಮೆಯಾದರೂ ಮರುಕಳಿಸಿತ್ತು. ಔಷಧಿ ನಿಲ್ಲಿಸಿದವರಲ್ಲಿ ಮರುಕಳಿಕೆಯ ಅಪಾಯ ಸುಮಾರು ಐದು ಪಟ್ಟು ಹೆಚ್ಚಿತ್ತು.

ಹಾಗಿದ್ದರೂ ಜನ ಯಾಕೆ ನಿಲ್ಲಿಸುತ್ತಾರೆ? ಮಾತ್ರೆ ನುಂಗುವವರ ಬಾಯಲ್ಲೇ ಕೇಳಿದರೆ ಕಾರಣ ಗೊತ್ತಾಗುತ್ತದೆ. ಬೆಳಿಗ್ಗೆ ಹತ್ತಾದರೂ ಎಚ್ಚರವಾಗುವುದಿಲ್ಲ. ಕೈ ನಡುಗುತ್ತದೆ, ತಟ್ಟೆಯಿಂದ ಸಾರು ಚೆಲ್ಲುತ್ತದೆ. ರಾತ್ರಿ ದಿಂಬು ಜೊಲ್ಲಿನಿಂದ ನೆನೆಯುತ್ತದೆ. ಕಾಲು ಒಂದು ಕಡೆ ನಿಲ್ಲದೆ ಒಳಗಿಂದ ಯಾರೋ ದಬ್ಬಿದಂತೆ ಓಡಾಡಬೇಕು ಅನ್ನಿಸುತ್ತದೆ. ಆರು ತಿಂಗಳಲ್ಲಿ ಹತ್ತು ಕಿಲೋ ತೂಕ ಏರಿ ಹಳೆಯ ಅಂಗಿ ಆಗುವುದಿಲ್ಲ. ಮುಟ್ಟು ಏರುಪೇರಾಗುತ್ತದೆ. ಗಂಡಸರಿಗೆ ದಾಂಪತ್ಯದಲ್ಲಿ ತೊಂದರೆಯಾಗುತ್ತದೆ, ಅದನ್ನು ವೈದ್ಯರ ಮುಂದೆ ಹೇಳಲು ನಾಲಿಗೆ ಏಳುವುದಿಲ್ಲ. ಇವಕ್ಕೆಲ್ಲ ಪರಿಹಾರವಿದೆ. ಪ್ರಮಾಣ ಇಳಿಸಬಹುದು, ಔಷಧಿ ಬದಲಿಸಬಹುದು, ನಡುಕಕ್ಕೆ ಬೇರೆ ಮಾತ್ರೆ ಕೊಡಬಹುದು. ಆದರೆ ಅದಕ್ಕೆ ವೈದ್ಯರು ಕೇಳಬೇಕು, ರೋಗಿ ಹೇಳಬೇಕು. ಹೊರಗೆ ನೂರು ಜನ ಕಾಯುತ್ತಿರುವ ಕ್ಲಿನಿಕ್ಕಿನಲ್ಲಿ ಒಬ್ಬರಿಗೆ ಸಿಗುವುದು ಎರಡು ಮೂರು ನಿಮಿಷ. ‘ನಿದ್ದೆ ಬರ್ತಿದೆಯಾ? ಊಟ ಮಾಡ್ತಾನಾ? ಸರಿ, ಅದನ್ನೇ ಮುಂದುವರಿಸಿ.’ ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿರುತ್ತಾರೆ.

ಎರಡು ಔಷಧಿಗಳಿಗೂ ಬಗ್ಗದ ಕಾಯಿಲೆ ಸರಿಸುಮಾರು ಮೂವರಲ್ಲೊಬ್ಬರಿಗೆ ಇರುತ್ತದೆ. ಅಂಥವರಿಗೆ ಕ್ಲೋಜಪಿನ್ ಎಂಬ ಔಷಧಿ ಬಹಳ ಸಲ ಕೈಹಿಡಿಯುತ್ತದೆ. ಅದು ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುವುದರಿಂದ ಮೊದಲ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ನಂತರವೂ ನಿಯಮಿತವಾಗಿ ರಕ್ತಪರೀಕ್ಷೆ ಮಾಡಿಸಬೇಕು. ಲ್ಯಾಬ್ ಇರುವ ಊರಿಗೆ ಪ್ರತಿ ವಾರ ಹೋಗಲಾಗದ ಕೂಲಿಯವನ ಮಗನಿಗೆ ಆ ಔಷಧಿ ಇದ್ದೂ ಇಲ್ಲದಂತೆ.

ಕಾಯಿಲೆಯ ಸ್ವಭಾವವೇ ಮತ್ತೊಂದು ಅಡ್ಡಿ. ತನಗೆ ಕಾಯಿಲೆಯಿದೆ ಎಂಬ ಅರಿವೇ ಹಲವರಲ್ಲಿ ಮಸುಕಾಗಿರುತ್ತದೆ. ‘ನನಗೇನಾಗಿದೆ? ನಿಮಗೇ ತೋರಿಸಿಕೊಳ್ಳಿ’ ಎನ್ನುವವನಿಗೆ ಮಾತ್ರೆ ಕೊಡುವುದು ಹೇಗೆ? ನಾನು ಬಲ್ಲ ಒಂದು ಮನೆಯಲ್ಲಿ ತಾಯಿ ಎರಡು ವರ್ಷ ಮಾತ್ರೆಯನ್ನು ಲಟ್ಟಣಿಗೆಯಿಂದ ಪುಡಿ ಮಾಡಿ ಮಜ್ಜಿಗೆಗೆ ಬೆರೆಸಿ ಕೊಡುತ್ತಿದ್ದರು. ಮಗನ ಕಾಯಿಲೆಯ ಮುಖ್ಯ ಲಕ್ಷಣವೇ ಊಟದಲ್ಲಿ ಯಾರೋ ವಿಷ ಹಾಕುತ್ತಿದ್ದಾರೆಂಬ ನಂಬಿಕೆ. ಒಂದು ಮಧ್ಯಾಹ್ನ ಅವನು ಲೋಟದ ತಳದಲ್ಲಿ ಕರಗದೆ ಉಳಿದಿದ್ದ ಬಿಳಿ ಚೂರನ್ನು ಬೆರಳಲ್ಲಿ ತೆಗೆದು, ಅಂಗೈ ಮೇಲಿಟ್ಟು, ಒಂದು ಮಾತೂ ಆಡದೆ ತಾಯಿಗೆ ತೋರಿಸಿದ. ಆಮೇಲೆ ತಿಂಗಳುಗಟ್ಟಲೆ ಆ ಮನೆಯಲ್ಲಿ ಅವನು ನೀರನ್ನೂ ಮುಟ್ಟುತ್ತಿರಲಿಲ್ಲ, ಹೋಟೆಲಿನಲ್ಲೇ ತಿನ್ನುತ್ತಿದ್ದ. ಆ ತಾಯಿಯನ್ನು ದೂರಲು ನನ್ನಿಂದಾಗದು, ಅವರಿಗೆ ಬೇರೆ ದಾರಿಯನ್ನು ಯಾರೂ ತೋರಿಸಿರಲಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ, ದಿನದಿನದ ಜಗಳ ಅದರಿಂದ ತಪ್ಪುತ್ತದೆ ಎಂದು ಅವರಿಗೆ ಗೊತ್ತಾದದ್ದು ಆಮೇಲೆ. ಮಗ ಅದಕ್ಕೆ ಒಪ್ಪಿದ್ದೂ, ಸೂಜಿ ಚುಚ್ಚುವ ಮೊದಲು ನರ್ಸ್ ಆ ಔಷಧಿಯ ಸೀಸೆಯನ್ನು ಅವನ ಕೈಗೇ ಕೊಟ್ಟು ಓದಲು ಹೇಳಿದ್ದರಿಂದ.

## ‘ಸೋಮಾರಿ’ ಎಂಬ ಪಟ್ಟ

ಎಷ್ಟೋ ಮನೆಗಳಲ್ಲಿ ಹೀಗಾಗುತ್ತದೆ: ಮಗನಿಗೆ ಕೇಳುತ್ತಿದ್ದ ದನಿಗಳು ನಿಂತವು, ಅನುಮಾನ ಹೋಯಿತು. ಆದರೂ ಅವನು ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಾನೆ. ಸ್ನಾನ ಮಾಡು ಎಂದು ಮೂರು ಸಲ ಹೇಳಬೇಕು. ಕೊಟ್ಟಿಗೆ ಕೆಲಸಕ್ಕೆ ಕಳಿಸಿದರೆ ಅರ್ಧಕ್ಕೇ ಬಿಟ್ಟು ಬರುತ್ತಾನೆ. ನೆಂಟರು ಬಂದರೆ ಮುಖವೆತ್ತಿ ನೋಡುವುದಿಲ್ಲ. ‘ಕಾಯಿಲೆ ವಾಸಿಯಾಯ್ತಲ್ಲ, ಈಗ ಬರೀ ಸೋಮಾರಿತನ’ ಎನ್ನುತ್ತಾರೆ ಅಣ್ಣಂದಿರು.

ಇದು ಸೋಮಾರಿತನವಲ್ಲ, ಕಾಯಿಲೆಯದೇ ಇನ್ನೊಂದು ಮುಖ. ಇಲ್ಲದ್ದು ಕಾಣುವುದು, ಕೇಳುವುದು ಒಂದು ಬಗೆಯ ಲಕ್ಷಣವಾದರೆ, ಇರಬೇಕಾದ ಹುರುಪು, ಆಸಕ್ತಿ, ಮಾತು, ಮುಖದ ಭಾವ ಬತ್ತುವುದು ಇನ್ನೊಂದು ಬಗೆ. ವೈದ್ಯರು ಇವನ್ನು ಋಣಾತ್ಮಕ ಲಕ್ಷಣಗಳೆನ್ನುತ್ತಾರೆ. ಇವುಗಳ ಜೊತೆಗೆ ಗಮನ, ನೆನಪು, ಯೋಜನೆ ಹಾಕುವ ಶಕ್ತಿಯೂ ಕುಂದಿರುತ್ತದೆ. ಅಂಗಡಿಯಿಂದ ಐದು ಸಾಮಾನು ತರಲು ಹೇಳಿದರೆ ಎರಡು ಮರೆಯುತ್ತದೆ. ಈಗಿರುವ ಔಷಧಿಗಳು ಈ ಲಕ್ಷಣಗಳ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಒಬ್ಬ ಮನುಷ್ಯ ಕೆಲಸಕ್ಕೆ ಮರಳುತ್ತಾನೋ ಇಲ್ಲವೋ ಎಂಬುದನ್ನು ಭ್ರಮೆಗಳಿಗಿಂತ ಹೆಚ್ಚಾಗಿ ಇವೇ ತೀರ್ಮಾನಿಸುತ್ತವೆ.

ಇಲ್ಲಿ ನೆರವಾಗುವುದು ಸಣ್ಣ ಹೆಜ್ಜೆಗಳ ಅಭ್ಯಾಸ. ದಿನಕ್ಕೊಂದೇ ಕೆಲಸ, ಅದೂ ಅದೇ ಹೊತ್ತಿಗೆ. ಹೂವಿನ ಗಿಡಕ್ಕೆ ನೀರು, ಡೈರಿಗೆ ಹಾಲು ಹಾಕಿ ಬರುವುದು. ಆಗದ ದಿನ ಬೈಗುಳವಿಲ್ಲ, ಆದ ದಿನ ಒಂದು ಮೆಚ್ಚುಗೆ. ಹೇಳುವಷ್ಟು ಸುಲಭವಲ್ಲ. ತಿಂಗಳುಗಳ ನಂತರ ಮಗ ತಾನಾಗಿಯೇ ಎದ್ದು ಹಾಲಿನ ಕ್ಯಾನ್ ಎತ್ತಿಕೊಂಡ ದಿನ ಮನೆಯವರಿಗೆ ಅದು ಹಬ್ಬ, ಹೊರಗಿನವರಿಗೆ ಅದು ಕಣ್ಣಿಗೂ ಬೀಳುವುದಿಲ್ಲ.

ಈ ಹಂತದಲ್ಲಿ ಇನ್ನೊಂದನ್ನು ಕಡೆಗಣಿಸಬಾರದು. ಭ್ರಮೆ ಇಳಿದು ಎಚ್ಚರವಾದಂತೆ ಏನೆಲ್ಲ ಕಳೆದುಕೊಂಡೆ ಎಂಬ ಅರಿವು ಮೂಡುತ್ತದೆ. ಓದು ಹೋಯಿತು, ಗೆಳೆಯರು ಹೋದರು, ತಾನು ಬೀದಿಯಲ್ಲಿ ಆಡಿದ್ದನ್ನು ಊರೇ ನೋಡಿದೆ. ಆ ಹೊತ್ತಿನ ಖಿನ್ನತೆ ಜೀವಕ್ಕೇ ಅಪಾಯ ತರಬಲ್ಲದು. ಮೌನವಾಗಿ ಕೂತವನನ್ನು ಸೋಮಾರಿ ಎಂದು ಬೈಯುವ ಮೊದಲು ‘ಒಳಗೆ ಏನನ್ನಿಸುತ್ತಿದೆ?’ ಎಂದು ಕೇಳಬೇಕಾದದ್ದು ಅದಕ್ಕಾಗಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

## ಮನೆ ಎಂಬ ಬಲ, ಮನೆ ಎಂಬ ಭಾರ

ಭಾರತದಲ್ಲಿ ಸೈಕೋಸಿಸ್ ಇರುವವರಲ್ಲಿ ಬಹುಪಾಲು ಜನ ಮನೆಯವರ ಜೊತೆಗೇ ಇದ್ದಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗಿರಿಸಿಕೊಂಡರು. ಮನೆಯವರನ್ನೂ ಸೇರಿಸಿಕೊಂಡು ಚಿಕಿತ್ಸೆ ಮಾಡುವ ಕ್ರಮ ಮುಂದೆ ನಿಮ್ಹಾನ್ಸ್‌ನ ಗುರುತೂ ಆಯಿತು. ಸ್ಕಿಜೋಫ್ರೇನಿಯಾ ಕುರಿತು ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದಲ್ಲಿ ಶುರುಮಾಡಿದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಆಗ್ರಾ ಒಂದು ಕೇಂದ್ರವಾಗಿತ್ತು. ಶ್ರೀಮಂತ ದೇಶಗಳಿಗಿಂತ ಭಾರತ, ನೈಜೀರಿಯಾಗಳಲ್ಲಿ ಚೇತರಿಕೆ ಉತ್ತಮವೆಂದು ಕಂಡದ್ದು ಆಗ ಎಲ್ಲರನ್ನೂ ಬೆರಗುಗೊಳಿಸಿತು. ಚಂಡೀಗಢದಲ್ಲಿ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನವು, ರೋಗಿಯ ಬಗ್ಗೆ ಟೀಕೆ, ಹಗೆ, ಅತಿ ಕಾಳಜಿ ತೋರುವ ಮನೆಗಳು ಲಂಡನ್ನಿಗಿಂತ ಇಲ್ಲಿ ಕಡಿಮೆ ಎಂದಿತು. ಅಂಥ ಮನೆಗಳಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆಂಬುದು ಮೊದಲೇ ಗೊತ್ತಿತ್ತು.

ಈ ಹಳೆಯ ಫಲಿತಾಂಶಗಳನ್ನು ಹಿಡಿದು ನಾವು ನೆಮ್ಮದಿಯಾಗಿ ಕೂರುವಂತಿಲ್ಲ. ನಂತರದ ಸಂಶೋಧಕರು ಅವನ್ನು ಪ್ರಶ್ನಿಸಿದ್ದಾರೆ. ಅಲ್ಲದೆ ಅಂದಿನ ಮನೆ ಇಂದಿನದಲ್ಲ. ಹತ್ತು ಜನರ ಮನೆಯಲ್ಲಿ ಒಬ್ಬನನ್ನು ನೋಡಿಕೊಳ್ಳುವ ಕೆಲಸ ಹಂಚಿಹೋಗುತ್ತಿತ್ತು. ಈಗ ಎಪ್ಪತ್ತರ ತಾಯಿ, ನಲವತ್ತರ ಮಗ, ಇಬ್ಬರೇ. ತಾಯಿಗೆ ಸಕ್ಕರೆ ಕಾಯಿಲೆ. ಅವಳು ನೆಂಟರ ಮದುವೆಗೆ ಹೋಗಿ ವರ್ಷಗಳಾದವು. ನೋಡಿಕೊಳ್ಳುವವರ ದಣಿವಿಗೆ ನಮ್ಮ ವ್ಯವಸ್ಥೆಯಲ್ಲಿ ಒಂದು ಖಾನೆಯೂ ಇಲ್ಲ. ಬೆಂಗಳೂರಿನಲ್ಲಿ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್‌ನಂಥ ಸಂಸ್ಥೆಗಳು ದಶಕಗಳಿಂದ ಪುನರ್ವಸತಿ ಕೇಂದ್ರಗಳನ್ನು ನಡೆಸುತ್ತಿವೆ, ಮನೆಯವರೇ ಕಟ್ಟಿಕೊಂಡ ಸಂಘಗಳೂ ಇವೆ. ರಾಜಧಾನಿಯಿಂದ ನೂರು ಕಿಲೋಮೀಟರ್ ದೂರ ಹೋದರೆ ಇಂಥವು ಸಿಗುವುದು ದುರ್ಲಭ. ‘ನಾನು ಹೋದ ಮೇಲೆ ಇವನಿಗೆ ಯಾರು?’ ಎಂಬ ಪ್ರಶ್ನೆಗೆ ಹಳ್ಳಿಯ ತಾಯಿಗೆ ಯಾರೂ ಉತ್ತರ ಕೊಟ್ಟಿಲ್ಲ.

## ಹೆಣ್ಣಿಗೆ ಎರಡು ಪಟ್ಟು

ಹುಡುಗನಿಗೆ ಕಾಯಿಲೆಯಿದ್ದರೆ ‘ಮದುವೆ ಮಾಡಿದರೆ ಸರಿಹೋಗ್ತಾನೆ’ ಎನ್ನುತ್ತಾರೆ. ಹುಡುಗಿಗಿದ್ದರೆ ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಅತ್ತೆಮನೆಯಲ್ಲಿ ಗುಟ್ಟಾಗಿ ಮಾತ್ರೆ ನುಂಗಲಾಗದೆ ನಿಲ್ಲಿಸುತ್ತಾಳೆ, ಕಾಯಿಲೆ ಮರುಕಳಿಸುತ್ತದೆ, ತವರಿಗೆ ತಂದು ಬಿಡುತ್ತಾರೆ. ಗಂಡನಿಗೆ ಕಾಯಿಲೆಯಾದರೆ ಹೆಂಡತಿ ಉಳಿದು ಸೇವೆ ಮಾಡಬೇಕೆಂದು ಬಯಸುವ ಸಮಾಜ, ಹೆಂಡತಿಗಾದಾಗ ಗಂಡನಿಂದ ಅದನ್ನು ಬಯಸುವುದಿಲ್ಲ. ಚೆನ್ನೈನಲ್ಲಿ ಡಾ. ಆರ್. ತಾರಾ ಮತ್ತು ಸಂಗಡಿಗರು ಗಂಡನಿಂದ ಬೇರಾದ ಇಂಥ ಹೆಣ್ಣುಮಕ್ಕಳನ್ನು ಮಾತಾಡಿಸಿದಾಗ, ಕಾಯಿಲೆಯ ಕಳಂಕಕ್ಕಿಂತ ಗಂಡ ಬಿಟ್ಟವಳೆಂಬ ಕಳಂಕವೇ ಅವರನ್ನೂ ತವರಿನವರನ್ನೂ ಹೆಚ್ಚು ಸುಡುತ್ತಿತ್ತು. ಹಲವರಿಗೆ ಜೀವನಾಂಶವೂ ಸಿಕ್ಕಿರಲಿಲ್ಲ.

ಕಾನೂನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಚಾಲ್ತಿಯಲ್ಲಿದೆ. ಸ್ಕಿಜೋಫ್ರೇನಿಯಾ ಎಂದು ಚೀಟಿಯಲ್ಲಿ ಬರೆದಿದ್ದರೆ ಸಾಕು, ವಿಚ್ಛೇದನ ಸಿಗುತ್ತದೆ ಎಂದು ಬೆದರಿಸುವವರಿದ್ದಾರೆ. ಹಾಗಿಲ್ಲ. ಕಾಯಿಲೆಯ ಹೆಸರೊಂದೇ ಸಾಲದು, ಒಟ್ಟಿಗೆ ಬಾಳಲು ಸಾಧ್ಯವೇ ಇಲ್ಲದಷ್ಟು ಅದರ ತೀವ್ರತೆ ಇರಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲೇ ಹೇಳಿದೆ.

## ಹೆಸರಿನ ಕಳಂಕ, ಕೆಲಸದ ಬಾಗಿಲು

ನಮ್ಮ ರಾಜ್ಯದ ಹೆಮ್ಮೆಯ ಸಂಸ್ಥೆಯೊಂದರ ಹೆಸರನ್ನೇ ಬೈಗುಳವಾಗಿ ಬಳಸುತ್ತೇವೆ. ‘ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದು ಕಾಲೇಜಿನ ಕಟ್ಟೆಯಲ್ಲಿ ನಗುವಾಗ ಪಕ್ಕದಲ್ಲಿ ಕೂತವನು ಹಿಂದಿನ ವಾರವಷ್ಟೇ ಅಲ್ಲಿಂದ ಬಂದಿರಬಹುದು. ಅವನು ಆ ಕ್ಷಣ ತೀರ್ಮಾನಿಸುತ್ತಾನೆ: ಯಾರಿಗೂ ಹೇಳಬಾರದು. ಹೊರಗಿನವರ ಕಳಂಕ ಹೀಗೆ ಒಳಕ್ಕಿಳಿಯುತ್ತದೆ. ‘ನನ್ನಿಂದೇನಾಗುತ್ತೆ’ ಎಂದು ತಾನೇ ನಂಬುವ ಹೊತ್ತಿಗೆ ಬಾಗಿಲು ತೆರೆದಿದ್ದರೂ ಅವನು ಒಳಗೆ ಹೋಗಲಾರ.

ಕೆಲಸ ಚೇತರಿಕೆಯ ಫಲ ಮಾತ್ರವಲ್ಲ, ಅದರ ಸಾಧನವೂ ಹೌದು. ಪೂರ್ತಿ ವಾಸಿಯಾದ ಮೇಲೆ ಕೆಲಸ ಎನ್ನುವ ಬದಲು, ಮೊದಲು ಇಷ್ಟದ ನಿಜವಾದ ಕೆಲಸಕ್ಕೆ ಸೇರಿಸಿ, ಅಲ್ಲಿ ನಿಲ್ಲಲು ಬೇಕಾದ ಬೆಂಬಲ ಕೊಡುವ ವಿಧಾನ ಹೆಚ್ಚು ಫಲ ಕೊಡುತ್ತದೆಂದು ಹಲವು ದೇಶಗಳಲ್ಲಿ ಕಂಡುಬಂದಿದೆ. ನಮ್ಮಲ್ಲಿ ಉದ್ಯೋಗದಾತರು ಸಣ್ಣ ಬದಲಾವಣೆಗೂ ಹಿಂಜರಿಯುತ್ತಾರೆ. ಬೆಳಿಗ್ಗೆ ಮಾತ್ರೆಯ ಮಂಪರು ಇರುವವನಿಗೆ ಹತ್ತರ ಬದಲು ಹನ್ನೊಂದಕ್ಕೆ ಬರಲು ಬಿಟ್ಟರೆ, ರಾತ್ರಿ ಪಾಳಿ ತಪ್ಪಿಸಿದರೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ ರಜೆ ಕೊಟ್ಟರೆ ಎಷ್ಟೋ ನೌಕರಿಗಳು ಉಳಿಯುತ್ತವೆ.

## ಕಾಗದದ ಮೇಲಿನ ಹಕ್ಕು

2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಳ್ಳೆಯ ಕಾಯ್ದೆ. ಚಿಕಿತ್ಸೆ ಪಡೆಯುವುದನ್ನು ಅದು ಹಕ್ಕಾಗಿಸಿತು. ಸರಪಳಿ ಹಾಕುವುದನ್ನು ನಿಷೇಧಿಸಿತು. ಮುಂದೆ ಕಾಯಿಲೆ ಉಲ್ಬಣಿಸಿದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಚೆನ್ನಾಗಿರುವಾಗಲೇ ಬರೆದಿಡಲು, ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ನೇಮಿಸಿಕೊಳ್ಳಲು ಅವಕಾಶ ಕೊಟ್ಟಿತು. ಅಗತ್ಯ ಔಷಧಿಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ವಿಮೆಯಲ್ಲಿ ಭೇದ ಮಾಡುವಂತಿಲ್ಲ ಎಂದಿತು. ನಮ್ಮ ಎಷ್ಟೋ ಆಸ್ಪತ್ರೆಗಳ ಗೋಡೆಯ ಮೇಲೆ ಈ ಹಕ್ಕುಗಳ ಪಟ್ಟಿ ಕನ್ನಡದಲ್ಲಿ ಕಾಣುವುದಿಲ್ಲ. ಗೊತ್ತಿಲ್ಲದ ಹಕ್ಕನ್ನು ಯಾರು ಕೇಳುತ್ತಾರೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿದ್ದರೆ ಸೌಲಭ್ಯಗಳು ಸಿಗುತ್ತವೆ. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ, ಕಾಯಿಲೆಯ ಅವಧಿ ಇವನ್ನು ನೋಡಿ ಅಂಕ ಕೊಡುತ್ತಾರೆ. ಕಾಲಿಲ್ಲದವರ ಅಂಗವೈಕಲ್ಯ ಕಣ್ಣಿಗೆ ಕಾಣುತ್ತದೆ. ಇಲ್ಲಿ ಮಾತ್ರ ಸಭ್ಯವಾಗಿ ಬಟ್ಟೆ ಹಾಕಿಕೊಂಡು ಬಂದು ಹೆಸರು ಸರಿಯಾಗಿ ಹೇಳಿದವನನ್ನು ನೋಡಿ ‘ಚೆನ್ನಾಗೇ ಇದ್ದಾನಲ್ಲ’ ಎನ್ನುವ ಸಿಬ್ಬಂದಿ ಇದ್ದಾರೆ. ಇನ್ನೊಂದು ತೊಡಕೂ ಇದೆ. ಚೇತರಿಸಿಕೊಂಡಷ್ಟೂ ಅಂಕ ಇಳಿಯುತ್ತದೆ, ಮಾಸಾಶನ ನಿಲ್ಲುವ ಭಯ ಹುಟ್ಟುತ್ತದೆ. ದುಡಿಮೆಗೆ ಮೊದಲ ಹೆಜ್ಜೆ ಇಡುವವನಿಗೆ ಕೆಳಗೊಂದು ಆಸರೆ ಬೇಕು, ಅದನ್ನೇ ಎಳೆದುಬಿಡುವ ನಿಯಮ ಚೇತರಿಕೆಗೆ ವಿರುದ್ಧವಾದದ್ದು.

ಗುಣವಾದರೂ ಮನೆಯವರು ಕರೆದೊಯ್ಯದೆ ಮಾನಸಿಕ ಆಸ್ಪತ್ರೆಗಳಲ್ಲೇ ಉಳಿದುಹೋದವರ ವಿಷಯ ಗೌರವ್ ಬನ್ಸಲ್ ಅವರ ಅರ್ಜಿಯ ಮೂಲಕ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅವರಿಗೆ ಪುನರ್ವಸತಿ ಮನೆಗಳನ್ನು ಕಟ್ಟುವಂತೆ ಕೋರ್ಟ್ ರಾಜ್ಯಗಳಿಗೆ ಹೇಳಿತು. ಆ ಕೆಲಸ ಬಹಳ ಬಾಕಿಯಿದೆ.

## ದೂರವನ್ನು ಕಡಿಮೆ ಮಾಡಿದ ಊರುಗಳು

ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದೆ. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಘಟಕ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ದಾದಿಯರಿಗೆ ತರಬೇತಿ ಕೊಟ್ಟರೆ ಸೈಕೋಸಿಸ್ ಚಿಕಿತ್ಸೆಯನ್ನು ಹಳ್ಳಿಯಲ್ಲೇ ಮಾಡಬಹುದೆಂದು ತೋರಿಸಿತು. 1980ರ ದಶಕದಲ್ಲಿ ಅದೇ ಪ್ರಯೋಗ ಬಳ್ಳಾರಿ ಜಿಲ್ಲೆಯಲ್ಲಿ ನಡೆಯಿತು. ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದಲ್ಲಿ ಹರಡಿತು. ರಾಜ್ಯದ ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ, ನಂತರ ತುರುವೇಕೆರೆಯಲ್ಲಿ, ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಮನೆ ಮನೆಯ ಮಟ್ಟದಲ್ಲಿ ಗುರುತಿಸಿ ಹಿಂಬಾಲಿಸುತ್ತ ಬಂದಿದೆ. ವರ್ಷಗಟ್ಟಲೆ ಚಿಕಿತ್ಸೆಯೇ ಕಾಣದಿದ್ದವರು ಅಲ್ಲಿ ಸಿಕ್ಕರು. ಔಷಧಿ ಶುರುವಾದ ಮೇಲೆ ಅವರಲ್ಲೂ ದಿನನಿತ್ಯದ ಬದುಕಿನ ಅಸಾಮರ್ಥ್ಯ ಇಳಿಯಿತು. ತಡವಾದರೂ ಚಿಕಿತ್ಸೆ ವ್ಯರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಗೋವಾ, ಸಾತಾರಾ ಮತ್ತು ತಮಿಳುನಾಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತರಬೇತಿ ಪಡೆದ ಸ್ಥಳೀಯರೇ ಮನೆಗೆ ಹೋಗಿ ಬೆಂಬಲ ಕೊಟ್ಟರು. ಆಸ್ಪತ್ರೆಯ ಚಿಕಿತ್ಸೆಯೊಂದನ್ನೇ ಪಡೆದವರಿಗಿಂತ ಈ ಬೆಂಬಲವನ್ನೂ ಪಡೆದವರಲ್ಲಿ ಸುಧಾರಣೆ ತುಸು ಹೆಚ್ಚಿತ್ತು.

ಆದರೂ ಚಿಕಿತ್ಸೆಯ ಕೊಂಡಿ ಎಲ್ಲೋ ಒಂದು ಕಡೆ ಕಳಚುತ್ತದೆ. ಮೊದಲ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು, ಮಗನ ಜೊತೆ ಬಂದ ತಂದೆಗೆ ಕೌಂಟರಿನಲ್ಲಿ ‘ಆ ಮಾತ್ರೆ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂದರೆ ಆ ಒಂದು ವಾರದಲ್ಲಿ ಒಂದು ವರ್ಷದ ಚೇತರಿಕೆ ಕೈಜಾರಬಹುದು.

## ಮರೆತುಹೋಗುವ ದೇಹ

ತೀವ್ರ ಮನೋರೋಗವಿರುವವರು ಉಳಿದವರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆ. ಮುಖ್ಯ ಕಾರಣ ಹೃದಯದ ಕಾಯಿಲೆ, ಸಕ್ಕರೆ, ಸೋಂಕು. ಔಷಧಿಯಿಂದ ಏರುವ ತೂಕ, ಬೀಡಿ ಸಿಗರೇಟು, ಓಡಾಟವಿಲ್ಲದ ದಿನಗಳು ಸೇರಿಕೊಳ್ಳುತ್ತವೆ. ಎದೆ ನೋವೆಂದರೆ ‘ಅದೂ ಅವನ ಭ್ರಮೆ’ ಎಂದು ತಳ್ಳಿಹಾಕುವವರಲ್ಲಿ ವೈದ್ಯರೂ ಇದ್ದಾರೆ. ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಇವನ್ನು ನಿಯಮಿತವಾಗಿ ನೋಡಬೇಕು. ಅದನ್ನು ಕೇಳಿ ಮಾಡಿಸಿಕೊಳ್ಳುವುದು ಮನೆಯವರ ಹಕ್ಕು.

## ಮರುಕಳಿಕೆಯ ಮುನ್ಸೂಚನೆ

ಕಾಯಿಲೆ ಒಂದೇ ದಿನಕ್ಕೆ ಮರುಕಳಿಸುವುದು ಕಡಿಮೆ. ವಾರಗಳ ಮೊದಲೇ ಸುಳಿವು ಕೊಡುತ್ತದೆ, ಮತ್ತು ಪ್ರತಿಯೊಬ್ಬರ ಸುಳಿವೂ ಬೇರೆ. ಒಬ್ಬರಿಗೆ ನಿದ್ದೆ ಹಾರುತ್ತದೆ, ಇನ್ನೊಬ್ಬರು ಕಿಟಕಿ ಮುಚ್ಚತೊಡಗುತ್ತಾರೆ, ಮತ್ತೊಬ್ಬರು ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತಾರೆ. ಚೆನ್ನಾಗಿರುವಾಗಲೇ ರೋಗಿ, ಮನೆಯವರು, ವೈದ್ಯರು ಕೂತು ಈ ಸುಳಿವುಗಳನ್ನು ಪಟ್ಟಿ ಮಾಡಿ, ಕಂಡಾಗ ಯಾರಿಗೆ ಹೇಳಬೇಕು, ಏನು ಮಾಡಬೇಕು ಎಂದು ಒಪ್ಪಿಕೊಂಡಿದ್ದರೆ ಎಷ್ಟೋ ಸಲ ಆಸ್ಪತ್ರೆ ಸೇರುವುದೇ ತಪ್ಪುತ್ತದೆ.

ಮಜ್ಜಿಗೆಯ ಲೋಟದ ಆ ಮನೆಗೆ ಕಳೆದ ವರ್ಷ ಹೋಗಿದ್ದೆ. ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ಅಮಾವಾಸ್ಯೆಗಳಿಗೆ ತಾಯಿ ಕುಂಕುಮದ ಬೊಟ್ಟಿಟ್ಟಿದ್ದರು. ಅಮಾವಾಸ್ಯೆಗೆ ಕಾಯಿಲೆ ಕೆರಳುತ್ತದೆಂಬ ಭಯ ಅವರಿಗೆ ಇನ್ನೂ ಪೂರ್ತಿ ಹೋಗಿಲ್ಲ. ಇಂಜೆಕ್ಷನ್ ದಿನಗಳಿಗೆ ನೀಲಿ ಪೆನ್ನಿನ ಸುತ್ತು. ಪ್ರತಿ ದಿನದ ಅಂಕಿಯ ಕೆಳಗೆ ಇನ್ನೊಂದು ಸಣ್ಣ ಅಂಕಿ: 7, 6, 7, 8. ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆಯಾಯಿತು ಎಂಬ ಲೆಕ್ಕ. ಅದನ್ನು ಬರೆಯುತ್ತಿದ್ದದ್ದು ತಾಯಿಯಲ್ಲ, ಮಗ. 4ಕ್ಕಿಂತ ಕೆಳಗೆ ಎರಡು ರಾತ್ರಿ ಇಳಿದರೆ ಅವನೇ ಫೋನ್ ಮಾಡುತ್ತಾನೆ. ನಾನು ಹೋದ ದಿನ ಅವನು ಮನೆಯಲ್ಲಿರಲಿಲ್ಲ. ಕೆಲಸಕ್ಕೆ ಹೋಗಿದ್ದ, ಆರಕ್ಕೆ ಬರುತ್ತಾನೆ ಎಂದು ತಾಯಿ ನನಗೆ ಮಜ್ಜಿಗೆ ತಂದುಕೊಟ್ಟರು.